ಎಂಟು ಜನರ ದೋಣಿ

ಪುಟ್ಟಿಯ ಅಪ್ಪನಿಗೆ,

ಕ್ಷೇಮವಾಗಿದ್ದೇನೆ, ಕೆಮ್ಮು ಇಳಿದಿದೆ, ಚಿಂತೆ ಬೇಡ. ಇಲ್ಲಿಯ ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಹೊಸ ದೋಣಿಗೆ ಎಷ್ಟು ಜನ ಹತ್ತಬಹುದೆಂದು ಇವತ್ತು ನಾನು ತೀರ್ಮಾನಿಸಬೇಕಿತ್ತು. ಜನರ ಬದಲು ಅಷ್ಟೇ ತೂಕದ ಮರಳು ಚೀಲಗಳನ್ನು ಬೆಂಚುಗಳ ಮೇಲೆ ಕೂರಿಸಿದೆವು. ದೋಣಿಯವನು ಒಂದು ದಪ್ಪ ಚೀಲಕ್ಕೆ, "ಅತ್ತೆ, ಸ್ವಲ್ಪ ಸರ್ಕೊಳ್ಳಿ" ಎಂದ. ಹತ್ತು ಚೀಲ ಹೊತ್ತರೂ ದೋಣಿ ನೆಟ್ಟಗೇ ತೇಲಿತು. ಆದರೆ ಜನ ಚೀಲಗಳಂತೆ ಕೂತಲ್ಲೇ ಕೂರುವುದಿಲ್ಲ. ಒಂದು ಹಕ್ಕಿ ಕಂಡರೂ ಎಲ್ಲರೂ ಒಂದೇ ಕಡೆಗೆ ನುಗ್ಗುತ್ತಾರೆ. ಹಾಗಾಗಿ ನಾನೂ ದೋಣಿಯಲ್ಲಿ ಕೂತು, ಚೀಲಗಳನ್ನೆಲ್ಲ ಒಂದು ಮಗ್ಗುಲಿಗೆ ಸರಿಸಲು ಹೇಳಿದೆ. ದೋಣಿ ವಾಲಿ, ಅದರ ಅಂಚು ನೀರು ಮುಟ್ಟಿತು. ಬಸ್ಸು ತಿರುವಿನಲ್ಲಿ ವಾಲಿದಾಗ ನಿಮ್ಮ ತೋಳು ಹಿಡಿಯುವ ಹಾಗೆ ಪಕ್ಕದ ಚೀಲವನ್ನು ಹಿಡಿದುಕೊಂಡುಬಿಟ್ಟೆ.

"ಏನ್ ಮೇಡಂ, ಮನೆಯವ್ರು ನೆನಪಾದ್ರಾ?" ಎಂದು ಅವನು ನಕ್ಕ.

ಎರಡು ಚೀಲ ಇಳಿಸಲು ಹೇಳಿದೆ. ಈಗ ಅಂಚು ನೀರಿನಿಂದ ಒಂದು ಗೇಣು ಮೇಲೆ ನಿಂತಿತು. ಎಂಟೇ ಜನ ಎಂದು ಬರೆದೆ. ಅವನ ನಗು ಮಾಯವಾಯಿತು.

"ಹತ್ತು ಜನ ಅಂತಾನೇ ದೋಣಿ ಮಾಡಿಸಿದ್ದು, ಹೊಟ್ಟೆ ಮೇಲೆ ಹೊಡೀಬೇಡಿ. ನಾಳೆ ನೀವು ಹತ್ತಿ ಕೂತ್ಮೇಲೆ ನಿಮ್ಮ ಮನೆಯವ್ರೇ ಒಂಬತ್ತನೇವ್ರಾಗಿ ಬಂದ್ರೆ, ದಡದಲ್ಲೇ ಬಿಟ್ಟು ಹೋಗ್ತೀರಾ?"

"ನಾನೂ ಇಳೀತೀನಿ. ಮುಂದಿನ ಸುತ್ತಿಗೆ ಇಬ್ರೂ ಕಾಯ್ತೀವಿ" ಎಂದೆ.

ಹಾಗೆಂದ ಮೇಲೆ ದೋಣಿಯಲ್ಲಿ ಸುತ್ತುವ ಆಸೆಯೇ ಹೋಗಿದೆ. ದಡದಲ್ಲಿ ನಿಮ್ಮ ಪಕ್ಕ ಕಾಯುತ್ತ ನಿಂತರೆ ಸಾಕೆನಿಸಿದೆ. ಬರೆದಿರುವುದು ಕಾರ್ಡಿನಲ್ಲಿ, ಅಂಚೆಯವರು ಓದಿಕೊಂಡರೆ ಓದಿಕೊಳ್ಳಲಿ.

ಪುಟ್ಟಿಯ ಅಮ್ಮ