ಗೋಡೆಯ ಕೆಳಗಿನ ಜಾಲರಿ

ಜನವರಿ 4, ಸಂಜೆ

ಖರ್ಚು: ಫೋಮ್ ಎರಡು ಡಬ್ಬಿ. ಅಂಟುಪಟ್ಟಿ ಮೂರು ಸುರುಳಿ. ಹಳೆಯ ಬೆಡ್‌ಶೀಟ್ ಅರ್ಧ. ನನ್ನ ಒಂದು ಭಾನುವಾರ, ಪೂರ್ತಿ. ಅಮ್ಮನ ಕೋಣೆ ಮುಗಿಯಿತು.

“ಊರವರ ಮನೆಗೆಲ್ಲ ಹೀಟರ್ ಕೂರಿಸ್ತೀಯ, ಹೆತ್ತವಳು ಎರಡು ಸ್ವೆಟರ್ ಹಾಕ್ಕೊಂಡು ನಡುಗ್ತಾಳೆ.” ಅಕ್ಕ ಫೋನಿನಲ್ಲಿ ಚುಚ್ಚಿದ್ದು. ತಾಗಿತು.

ಕಿಟಕಿಯ ಸಂದು, ಬಾಗಿಲಿನ ಅಡಿ, ಕೊನೆಗೆ ಗೋಡೆಯ ಕೆಳಗಿನ ಜಾಲರಿ. ತಣ್ಣನೆ ಗಾಳಿ ನೇರ ಅಮ್ಮನ ಪಾದಕ್ಕೆ ಬರುತ್ತಿದ್ದದ್ದು ಅಲ್ಲಿಂದ. ಬೆಡ್‌ಶೀಟ್ ಅದಕ್ಕೇ ಹೋಯಿತು. ಗ್ಯಾಸ್ ಹೀಟರ್ ಉರಿಯುವ ಕೋಣೆಗೆ ಜಾಲರಿ ತೆರೆದಿರಬೇಕು — ಗೊತ್ತು, ಅದನ್ನು ಕೊರೆದು ಕೂರಿಸಿದವನೇ ನಾನು. ಹೀಟರ್ ಚಿಕ್ಕದು, ಹೊಗೆ ಕೊಳವೆ ಇದೆ, ಹೆಚ್ಚೆಂದರೆ ಮೂರು ವಾರದ ಚಳಿ. ಗಿರಾಕಿ ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಬೆಂಕಿಕಡ್ಡಿ ಗೀರಿ ಊದಿದೆ. ಹೊಗೆ ನೂಲಿನಂತೆ ನೆಟ್ಟಗೆ ನಿಂತಿತು. ಅಷ್ಟು ಒಳ್ಳೆಯ ಕೆಲಸ ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಮಾಡಿಕೊಟ್ಟಿಲ್ಲ.

ಜನವರಿ 7

ಅಮ್ಮ ಒಂದು ಸ್ವೆಟರ್ ಬಿಚ್ಚಿದಳು.
“ಈಗ ಇದು ನನ್ನ ಕಾಲು ಕಣೋ. ಇಷ್ಟು ದಿನ ಯಾರದೋ ಕಾಲು ಇಟ್ಕೊಂಡಿದ್ದೆ.”
ಹೊಗಳಿಕೆ ಅವಳ ಬಾಯಿಂದ ಬರುವುದು ಅಪರೂಪ. ಹಾಗಾಗಿ ಬರೆದಿಟ್ಟೆ.

ಜನವರಿ 10

ಹೆಂಡತಿಗೆ ತಲೆನೋವು, ನಾಲ್ಕು ದಿನದಿಂದ. ಹಗಲೆಲ್ಲ ಅಮ್ಮನ ಕೋಣೆಯಲ್ಲೇ ಹೊಲಿಗೆ. ಅಂಟುಪಟ್ಟಿ ಕಿತ್ತು ಕಿಟಕಿ ತೆಗೆದಳು. ಮುಚ್ಚಿದೆ. ತೆಗೆದಳು. ಮುಚ್ಚಿದೆ.
“ರೀ, ಉಸಿರು ಕಟ್ಟುತ್ತೆ ಇಲ್ಲಿ.”
“ಗ್ಯಾಸ್ ಉರಿಸೋದು ಬೀದಿ ಕಾಯಿಸೋಕಾ?”
“ನಿಮ್ಮ ಹತ್ರ ಮಾತಾಡೋದೂ ಒಂದೇ, ಆ ಗೋಡೆ ಹತ್ರ ಮಾತಾಡೋದೂ ಒಂದೇ. ಗೋಡೆಗಾದ್ರೂ ಒಂದು ತೂತಿತ್ತು, ಅದನ್ನೂ ಮುಚ್ಚಿದ್ರಿ.”
ಹೊಸ ಪಟ್ಟಿ ಅಂಟಿಸಿದೆ.

ಜನವರಿ 13

ಇವಳು ತನ್ನ ತಂಗಿ ಮನೆಗೆ. ಅಲ್ಲಿ ಕೂಸು, ಸಹಾಯಕ್ಕೆ ಜನ ಬೇಕಂತೆ.

ಅಮ್ಮ ಕೂತಲ್ಲೇ ತೂಕಡಿಸುತ್ತಾಳೆ. ಊಟ ಅರ್ಧಕ್ಕೇ ಸಾಕು ಎಂದಳು. ಡಾಕ್ಟರ್ ಬಂದು ನಾಡಿ ನೋಡಿದರು. “ವಯಸ್ಸಾಯ್ತಲ್ವಾ,” ಎಂದರು. ಹೋಗುವಾಗ ಕೋಣೆ ಬೆಚ್ಚಗಿದೆ ಎಂದು ಮೆಚ್ಚಿಕೊಂಡರು.

“ಬೆಂಕಿ ನೋಡೋ, ಹಳದಿಯಾಗಿದೆ. ಮೊದಲು ನೀಲಿ ಇತ್ತು. ಇದೇ ಚೆಂದ,” ಎಂದಳು ಅಮ್ಮ.
ಬರ್ನರ್‌ನಲ್ಲಿ ಧೂಳಿರಬೇಕು. ಗಿರಾಕಿಯ ಮನೆಯಾಗಿದ್ದರೆ ನಿಂತ ಕಾಲಲ್ಲೇ ಆರಿಸುತ್ತಿದ್ದೆ. ನಾಳೆಯಿಂದ ಮೂರು ಮನೆ ಕೆಲಸ. ಭಾನುವಾರ ನೋಡೋಣ.

ಜನವರಿ 15

ಇವಳ ಫೋನ್. ಅಲ್ಲಿಗೆ ಹೋದ ಅರ್ಧ ದಿನಕ್ಕೆ ತಲೆನೋವು ಹೋಯಿತಂತೆ.
“ಅತ್ತೆ ಮನೇಲಿದ್ರೆ ಎಲ್ಲ ಸೊಸೇರಿಗೂ ತಲೆನೋವೇ,” ಎಂದೆ. ನಗಲಿಲ್ಲ.
“ಊರವರ ಮನೆಗೆಲ್ಲ ಆ ವಿಷಗಾಳಿ ಮೀಟರ್ ಹಿಡ್ಕೊಂಡು ಹೋಗ್ತೀರಲ್ಲ, ನಮ್ಮನೇಲೂ ಒಂದ್ಸಲ ಆನ್ ಮಾಡಿ.”
ಆಯಿತು ಎಂದೆ. ಮೀಟರ್ ವ್ಯಾನಿನಲ್ಲಿತ್ತು. ವ್ಯಾನ್ ಕೆಳಗೆ ಇತ್ತು. ನಾಲ್ಕು ಮಹಡಿ.

ಜನವರಿ 31

ಹದಿನಾರನೇ ತಾರೀಖು, ಮಧ್ಯಾಹ್ನ, ಅಮ್ಮ ಕುರ್ಚಿಯಲ್ಲೇ. ನಾನು ಬಂದಾಗ ಕೈ ಬೆಚ್ಚಗಿತ್ತು. ಹಾಗಾಗಿ ಎರಡು ಸಲ ಕರೆದೆ.

ಡಾಕ್ಟರ್ ಹೃದಯ ಎಂದು ಬರೆದರು. ಕೆನ್ನೆ ಕೆಂಪಗಿತ್ತು. ಬಂದವರೆಲ್ಲ “ಎಂಥ ಕಳೆ ನೋಡಿ” ಎಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು — “ಕೊನೇವರೆಗೂ ಅವಳನ್ನ ಬೆಚ್ಚಗಿಟ್ಟೆ ಕಣೋ.”

ಆ ಭಾನುವಾರ ಮನೆ ತುಂಬ ಜನ. ಬರ್ನರ್ ನೆನಪಾಗಲಿಲ್ಲ.

ಅಳು ಬಂದಿಲ್ಲ. ಬರುತ್ತದೆ ಎನ್ನುತ್ತಾರೆ.

ಫೆಬ್ರವರಿ 3, ಬೆಳಿಗ್ಗೆ

ಇವಳೇ ವ್ಯಾನಿಗೆ ಹೋಗಿ ಮೀಟರ್ ತಂದಳು. ಜಾಲರಿಗೆ ಬಟ್ಟೆ ಇನ್ನೂ ಹಾಗೇ ಇತ್ತು. ಹೀಟರ್ ಹಚ್ಚಿದೆ. ಮೀಟರನ್ನು ಅಮ್ಮನ ಕುರ್ಚಿಯ ಮೇಲಿಟ್ಟು, ಹೊರಗಿನಿಂದ ಬಾಗಿಲು ಹಾಕಿ, ಅದರ ಗಾಜಿನಿಂದ ನೋಡಿದೆವು. ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ, ಸತ್ತವರ ಕೆನ್ನೆ ಕೆಂಪಾಗಿಸುವಂಥದ್ದು. ಅದನ್ನು ತೋರಿಸಲೆಂದೇ ಇರುವ ಯಂತ್ರ.

ಹತ್ತು ನಿಮಿಷಕ್ಕೆ 18. ಸೊನ್ನೆ ಇರಬೇಕಿತ್ತು.
ಅರ್ಧ ಗಂಟೆಗೆ 85. ಕೂಗಲು ಶುರು ಮಾಡಿತು.
ಒಂದು ಗಂಟೆಗೆ 210.

ಅಮ್ಮ ಅಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕೂರುತ್ತಿದ್ದಳು.

ಹೀಟರ್ ಆರಿಸಿ ಎಲ್ಲ ತೆರೆದೆ. ಇವಳು ಜಾಲರಿಯ ಬಟ್ಟೆ ಎಳೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಬಟ್ಟೆಗಳ ಮೇಲಿಟ್ಟಳು. ಅದು ಒಗೆಯುವುದಕ್ಕೆ ಹಾಕಬೇಕಾದ್ದು ಎಂದು ಹೇಳಬೇಕೆನಿಸಿತು.

ಫೆಬ್ರವರಿ 4

ಅಕ್ಕನ ಫೋನ್. “ನಮ್ಮತ್ತೆ ಕೋಣೆಗೂ ಹಾಗೇ ಮುಚ್ಚಿಕೊಡೋ. ಅಮ್ಮನಿಗೆ ಮಾಡಿದ್ದೆಯಲ್ಲ, ಹಾಗೇ. ಪಾಪ, ಕಾಲು ಸೇದುತ್ತಂತೆ.” ಅಲ್ಲಿಯೂ ಅದೇ ಹೀಟರ್. ನಾನೇ ಕೂರಿಸಿದ್ದು.

ನೋಡೋಣ ಎಂದೆ.

“ನೀವು ಹೇಳ್ತೀರಾ, ನಾನು ಹೇಳಲಾ?” ಎಂದಳು ಇವಳು. ಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು. ತಣ್ಣಗಿರುವ ಹೀಟರನ್ನೂ ಮಾರಿದ್ದೇನೆ. ಆ ಒಂದು ವಾಕ್ಯವನ್ನು ಇಲ್ಲಿ ಮೂರು ಸಲ ಬರೆದು ಹೊಡೆದುಹಾಕಿದೆ.

ಫೆಬ್ರವರಿ 6

ಹೋದೆ. ಮೀಟರ್ ಒಯ್ದೆ, ಫೋಮ್ ಒಯ್ಯಲಿಲ್ಲ. ಅಲ್ಲಿ ಜಾಲರಿ ತೆರೆದಿತ್ತು, ಬೆಂಕಿ ನೀಲಿ. ಮೀಟರ್‌ನಲ್ಲಿ 0.

ಅಕ್ಕನ ಅತ್ತೆ ಕುರ್ಚಿಯಿಂದಲೇ, “ಬೇಗ ಮುಚ್ಚಪ್ಪ, ನಿನಗೆ ಪುಣ್ಯ ಬರುತ್ತೆ,” ಎಂದರು.
“ಇದನ್ನ ಮುಚ್ಚಬಾರದಮ್ಮ.”
ಅಕ್ಕನಿಗೆ ರೇಗಿತು. ನನ್ನನ್ನು ಪಡಸಾಲೆಗೆ ಎಳೆದುಕೊಂಡು ಹೋದಳು. “ಹೆತ್ತ ತಾಯಿಗಾದ್ರೆ ಮಾಡ್ತೀಯ. ನಮ್ಮತ್ತೆ ಅಂದ್ರೆ ಸದರ ಅಲ್ವಾ?”
“ಅಮ್ಮನಿಗೆ ಏನು ಮಾಡಿದೆ ಅಂತ ಹೇಳೋಕೇ ಬಂದೆ.”

ಹೇಳಿದೆ. ನಾಲ್ಕು ನಿಮಿಷ ಹಿಡಿಯಿತು.

“ನೋವಾಯ್ತಾ ಅವಳಿಗೆ?”
“ಇಲ್ಲ. ನಿದ್ದೆ ಹತ್ತಿದ ಹಾಗೆ.”
“ನಾನು ಆಡಿಕೊಂಡೆ ಅಂತ ನೀನು ಮುಚ್ಚಿದೆ.”
“ಮುಚ್ಚಿದ್ದು ನನ್ನ ಕೈ.”
ಅವಳು ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಅತ್ತೆಯ ಕುರ್ಚಿಯನ್ನು ಜಾಲರಿಯಿಂದ ದೂರಕ್ಕೆ ಎಳೆದಳು. ನಾನು ಕೈ ಹಾಕಲು ಹೋದೆ. ಬೇಡ ಎಂದಳು.

ಯಾರಿಗೆ ಏನು ಸಿಕ್ಕಿತು:

ಅಕ್ಕನ ಅತ್ತೆಗೆ — ತಣ್ಣನೆ ಗಾಳಿ. ಉಣ್ಣೆಯ ಕಾಲುಚೀಲ. ಮುಂದಿನ ಚಳಿಗಾಲ.
ಇವಳಿಗೆ — ತೆರೆದ ಕಿಟಕಿ. ತಲೆನೋವಿಲ್ಲ. ತಾನು ಹೇಳಿದ್ದು ನಿಜವಾಯಿತು. ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ.
ಡಾಕ್ಟರಿಗೆ — ನಾಳೆ ಬೆಳಿಗ್ಗೆ ನಾನು ಹೋಗಿ ಹೇಳಬೇಕಾದ ಮಾತು.
ಅಕ್ಕನಿಗೆ — ಅತ್ತೆ ಉಳಿದರು. ಮೂರು ವಾರ ಇದ್ದ ನೆಮ್ಮದಿ ಹೋಯಿತು.
ಅಮ್ಮನಿಗೆ — ಹನ್ನೆರಡು ದಿನ, ಬೆಚ್ಚನೆ ಕಾಲು.
ನನಗೆ —