ಸುಂಕ ಕಟ್ಟಿ ಬಿಡಿಸಿಕೊಂಡ ಕಿವಿ

ಒಂಟಿಕೊಪ್ಪಲ್, ಮೈಸೂರು
೧೬ ಆಗಸ್ಟ್ ೧೯೯೮, ಭಾನುವಾರ

ಪ್ರಭುಸ್ವಾಮಿಯವರಿಗೆ,

ಬರೀ ಹೆಸರಿನಿಂದ ಶುರುಮಾಡಿದಳಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. 'ಪ್ರೀತಿಯ' ಎಂದು ಬರೆಯಲು ಮೂರು ವರ್ಷದ ಮುನಿಸು ಬಿಡುತ್ತಿಲ್ಲ. 'ಮಾನ್ಯರೇ' ಎಂದರೆ ನಿಮ್ಮ ಕೋರ್ಟಿಗೆ ಹಾಕಿದ ಅರ್ಜಿಯ ಹಾಗಿರುತ್ತದೆ. ನೀವಿರುವ ರಾಜೀವನಗರವೇನೂ ಬೇರೆ ದೇಶವಲ್ಲ, ಆಟೋ ಹತ್ತಿ ಬಂದು ಎದುರಿಗೇ ಕೇಳಬಹುದಿತ್ತು. ಫೋನಾದರೂ ಮಾಡಬಹುದಿತ್ತು. ಎರಡನ್ನೂ ಬಿಟ್ಟು ಕಾಗದ ಹಿಡಿದು ಕೂತಿದ್ದೇನೆ, ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ. ಮೊದಲು ನನ್ನ ಪ್ರಶ್ನೆ. ಪರದೇಶದಿಂದ ಹೆಂಡತಿಯ ಹೆಸರಿಗೆ ಸಾಮಾನು ತರಿಸಿ, ಆ ವಿಷಯವನ್ನು ಹೆಂಡತಿಗೇ ಹೇಳದೆ ಇರುವುದು ಯಾವ ಊರಿನ ಪದ್ಧತಿ?

ಹೋದ ವಾರ ಪೋಸ್ಟ್‌ಮ್ಯಾನ್ ಒಂದು ಚೀಟಿ ಕೊಟ್ಟು ಹೋದ. ಡೆನ್ಮಾರ್ಕಿನಿಂದ ಪಾರ್ಸೆಲ್ ಬಂದಿದೆ, ಸುಂಕ ಕಟ್ಟಿ ಬಿಡಿಸಿಕೊಳ್ಳತಕ್ಕದ್ದು ಎಂದಿತ್ತು. ಒಳಗೆ ಏನಿದೆ ಎಂಬುದರ ಸುಳಿವೇ ಇಲ್ಲ. ಕಟ್ಟಬೇಕಾದದ್ದು ಹತ್ತಿರ ಹತ್ತಿರ ನನ್ನ ಅರ್ಧ ತಿಂಗಳ ಸಂಬಳ. ಒಳಗಿರುವುದನ್ನು ನೋಡಿ ಆಮೇಲೆ ಕಟ್ಟುತ್ತೇನೆ ಎಂದರೆ ಆಗುವುದಿಲ್ಲವಂತೆ, ಮೊದಲು ಕಟ್ಟಬೇಕು, ಆಮೇಲೆ ಬಿಚ್ಚಬೇಕು. ಅವ್ವ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಆ ದೇಶದಲ್ಲಿ ನಮ್ಮೋರು ಯಾರವ್ರೆ?" ಎಂದಳು. ರೇವಣಸಿದ್ದಣ್ಣ, "ಇದೆಲ್ಲ ಮೋಸ ಕಣಮ್ಮ, ದುಡ್ಡು ಕಟ್ಟಿಸ್ಕೊಂಡು ಇಟ್ಟಿಗೆ ಕೊಟ್ಟು ಕಳಿಸ್ತಾರೆ" ಎಂದ. ನನ್ನ ಕಣ್ಣಿಗೆ ಬಿದ್ದದ್ದು ಹೆಸರು. ಶ್ರೀಮತಿ ಮಂಜುಶ್ರೀ ಪ್ರಭುಸ್ವಾಮಿ. ಶಾಲೆಯ ಹಾಜರಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ನಾನೀಗ ಬರೀ ಮಂಜುಶ್ರೀ. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರಿಟ್ಟು ಬರೆಯುವವರು ನೀವೊಬ್ಬರೇ ಉಳಿದಿರುವುದು. ಆವತ್ತು ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ತಲೆಯಲ್ಲಿ ಡೆನ್ಮಾರ್ಕೇ ಓಡುತ್ತಿತ್ತು.

ಮರುದಿನ ರೇವಣಸಿದ್ದಣ್ಣನನ್ನೇ ಕರೆದುಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಗುರುಮಲ್ಲಪ್ಪ ಎನ್ನುವವರು, ಬಹಳ ಒಳ್ಳೆಯ ಮನುಷ್ಯ. ಡಬ್ಬಿಯ ಮೇಲೆ ಅಂಟಿಸಿದ್ದ ಇಂಗ್ಲಿಷನ್ನು ಓದಿ, ನನ್ನ ಮುಖ ನೋಡಿ, ಇದ್ದಕ್ಕಿದ್ದ ಹಾಗೆ ಗಂಟಲು ಎತ್ತರಿಸಿ, "ಕಿವಿ ಮಿಷನ್ನು ಕಣಮ್ಮಾ, ಕಿವಿಗ್ ಆಕೋ ಮಿಷನ್ನು" ಎಂದರು. ಸ್ಟಾಂಪು ಕೊಳ್ಳಲು ನಿಂತಿದ್ದವರೆಲ್ಲ ತಿರುಗಿದರು. ಡಾಕ್ಟರ ಸರ್ಟಿಫಿಕೇಟು ತಂದುಕೊಟ್ಟರೆ ಮೇಲಿನವರಿಗೆ ಕಳಿಸಿ ಸುಂಕ ಬಿಡಿಸಲು ನೋಡಬಹುದು, ನಾಲ್ಕು ದಿನ ತಡೆಯಿರಿ ಎಂದು ಅದೇ ಗಂಟಲಿನಲ್ಲಿ ಹೇಳಿದರು. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ ಎಂದೆ. ಅವರು ಅಣ್ಣನ ಕಡೆ ತಿರುಗಿ, "ಮೊದ್‌ಮೊದ್ಲು ಎಲ್ರೂ ಅಂಗೇ ಅನ್ನೋದು, ಬುಡಿ ಸಾರ್" ಎಂದು ಸಮಾಧಾನ ಮಾಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅವರ ಮೇಲಲ್ಲ, ನಿಮ್ಮ ಮೇಲೆ. ನಾನು ನಿಮ್ಮ ಮಾತು ಕೇಳುವುದಿಲ್ಲ ಎಂದು ನಿಮ್ಮ ತಾಯಿ ಊರಿಗೆಲ್ಲ ಹೇಳುತ್ತಿದ್ದರಲ್ಲ, ಅದನ್ನೇ ನೀವು ಯಂತ್ರ ಮಾಡಿಸಿ ಕಳಿಸಿದ್ದೀರಿ ಎಂದುಕೊಂಡೆ. ಬೇಡವೆಂದರೆ ಪಾರ್ಸೆಲ್ ಬಂದ ದಾರಿಯಲ್ಲೇ ವಾಪಸು ಹೋಗುತ್ತದಂತೆ. ಹಾಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ನಿಮ್ಮ ಮುಖಕ್ಕೆ ಎಸೆಯಬೇಕಾದರೆ ಅದು ನನ್ನ ಕೈಯಲ್ಲಿರಬೇಕಲ್ಲ? ಪೂರ್ತಿ ಸುಂಕ ಎಣಿಸಿ ಕೊಟ್ಟು ತೆಗೆದುಕೊಂಡು ಬಂದೆ. ಅವಮಾನವನ್ನು ಸುಂಕ ಕಟ್ಟಿ ಬಿಡಿಸಿಕೊಂಡು ಬಂದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಬಿಚ್ಚಿದರೆ ಹತ್ತಿಯ ನಡುವೆ ಒಂದು ಪುಟ್ಟ ವಸ್ತು. ಗೋಡಂಬಿಗಿಂತ ಸ್ವಲ್ಪ ದೊಡ್ಡದು, ಮೈಬಣ್ಣದ್ದು, ಎಲ್ಲ ಕಡೆ ಡೊಂಕು. ಎಷ್ಟು ಹೊತ್ತು ನೋಡಿದರೂ ಬೇಸರವಾಗದ ಹಾಗಿತ್ತು. ನಿಮ್ಮ ಮೇಲಿನ ಸಿಟ್ಟು ಒಂದು ಕಡೆ, ಅದನ್ನು ಹಾಕಿಕೊಂಡರೆ ಹೇಗಿರುತ್ತದೋ ಎಂಬ ಕುತೂಹಲ ಇನ್ನೊಂದು ಕಡೆ. ಕುತೂಹಲವೇ ಗೆದ್ದಿತು. ಬಲಗಿವಿಗೆ ಒತ್ತಿದೆ, ಕೂರಲಿಲ್ಲ. ಎಡಗಿವಿಗೂ ಕೂರಲಿಲ್ಲ. ಅಣ್ಣ ಹಾಕಿ ನೋಡಿದ, ಅವನಿಗೆ ನೋವಾಯಿತು. ಅವ್ವ ಓಲೆ ಬಿಚ್ಚಿಟ್ಟು ತಾನೂ ನೋಡಿದಳು, ಅವಳ ಕಿವಿಯಿಂದ ಜಾರಿ ಮಡಿಲಿಗೆ ಬಿತ್ತು. ಆಗ ಅಣ್ಣ ಜೊತೆಗಿದ್ದ ಚಿತ್ರದ ಹಾಳೆಯನ್ನು ಓದಿ ಹೇಳಿದ, ಇದು ಅಂಗಡಿಯಲ್ಲಿ ಸಾಲಾಗಿ ಇಟ್ಟು ಮಾರುವಂಥದ್ದಲ್ಲವಂತೆ. ಹಾಕಿಕೊಳ್ಳುವವರ ಕಿವಿಗೆ ಮೆತ್ತನೆಯ ಕಣಕದಂಥದ್ದನ್ನು ತುಂಬಿ ಅಚ್ಚು ತೆಗೆದು ಕಳಿಸಬೇಕಂತೆ, ಆ ಅಚ್ಚಿಗೆ ತಕ್ಕ ಹಾಗೆ ಅಲ್ಲಿ ಮಾಡುತ್ತಾರಂತೆ. ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ನನ್ನನ್ನು ಅಣಕಿಸುವುದಕ್ಕೆ ಯಾರೂ ಅಚ್ಚು ತೆಗೆದು ಸಮುದ್ರದಾಚೆಗೆ ಕಳಿಸುವುದಿಲ್ಲ. ಅಚ್ಚು ಯಾರದ್ದು? ಈ ಪ್ರಶ್ನೆ ಎದ್ದ ಮೇಲೆ ನನಗೆ ಊಟ ಸೇರಲಿಲ್ಲ.

ಈ ನಡುವೆ ನಮ್ಮ ಬೀದಿಯಲ್ಲಿ ನಾನು ಕಿವುಡಿಯಾಗಿಬಿಟ್ಟಿದ್ದೆ. ಅಂಚೆ ಕಚೇರಿಯಲ್ಲಿ ಎದುರುಮನೆಯ ತಿಮ್ಮಮ್ಮನೂ ಇದ್ದರಂತೆ, ಇನ್ನು ಕೇಳಬೇಕೆ? ಹಾಲು ತರಲು ಹೋದರೆ ಕೂಗಿ ಮಾತಾಡುತ್ತಾರೆ. ತರಕಾರಿಯವನು ಬೆರಳು ತೋರಿಸಿ ರೇಟು ಹೇಳುತ್ತಾನೆ. ತಿಮ್ಮಮ್ಮ ನನ್ನೆದುರಿಗೇ ಅವ್ವನನ್ನು, "ಯಾವಾಗಿಂದ ಇಂಗಾಯ್ತು ನಿಮ್ ಮಗಳಿಗೆ? ಇಸ್ಕೂಲ್ನಲ್ಲಿ ಕೆಲ್ಸ ಇಟ್ಕೋತಾರಾ?" ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದೇನೆ, ನನ್ನನ್ನು ಕೇಳಲಿಲ್ಲ. ನಾನು ಗೋಡೆಗೆ ಒರಗಿಸಿಟ್ಟ ಚಾಪೆಯೇನೋ ಅನ್ನುವ ಹಾಗೆ ನನ್ನನ್ನು ದಾಟಿ ಮಾತಾಡಿದರು. ಎಷ್ಟು ಸಣ್ಣವಳಾದೆ ಗೊತ್ತೇ? ಕೆಲಸದ ಮಾತು ಬಂದಾಗ ನನಗೂ ಹೆದರಿಕೆಯಾಯಿತು. ತಿಮ್ಮಮ್ಮನಿಂದ ಒಂದು ಉಪಕಾರವೂ ಆಯಿತೆನ್ನಿ. ಹೋದ ತಿಂಗಳು ನೀವು ಎರಡು ಸಲ ನಮ್ಮ ಬೀದಿಗೆ ಬಂದು, ಹಾಲಿನ ಬೂತಿನ ಹತ್ತಿರ ನಿಂತು, ಒಳಗೆ ಬಾರದೆ ಹೋದದ್ದನ್ನು ಅವರೇ ಕೂಗಿ ಹೇಳಿದರು. ಪಾರ್ಸೆಲ್ಲಿನ ವಿಷಯ ಹೇಳಬೇಕೆಂದೇ ಬಂದಿದ್ದಿರಿ ಅಲ್ಲವೇ? ಯಾಕೆ ವಾಪಸು ಹೋದಿರಿ?

ಆವತ್ತಿನಿಂದ ನಮ್ಮ ಸಂಸಾರವನ್ನೆಲ್ಲ ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ. ಅಡುಗೆಮನೆಯಿಂದ ನಾನು ಆಡಿದ ಮಾತಿಗೆ ಹಜಾರದಲ್ಲಿದ್ದ ನಿಮ್ಮಿಂದ ಉತ್ತರ ಬರುತ್ತಿರಲಿಲ್ಲ. ಗಂಡನ ಹೆಸರು ಹಿಡಿದು ಕೂಗುವ ರೂಢಿ ನಮ್ಮ ಮನೆಗಳಲ್ಲಿಲ್ಲ. 'ಏನೂಂದ್ರೆ' ಅನ್ನಲು ನನಗೆ ನಾಚಿಕೆ, ಅದನ್ನೂ ನುಂಗಿ ನೇರವಾಗಿ ಮಾತು ಶುರುಮಾಡುತ್ತಿದ್ದೆ. ನೀವು ತಿರುಗಿ ನೋಡುವುದಾದರೂ ಹೇಗೆ? ಫೋನ್ ಬಂದರೆ "ನೀನೇ ಎತ್ಕೋ" ಎಂದು ಬಚ್ಚಲಿಗೆ ಹೋಗುತ್ತಿದ್ದಿರಿ. ದೀಪ ಆರಿಸಿದ ಮೇಲೆ ನಾನು ಏನು ಹೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಕತ್ತಲಲ್ಲಿ ನನ್ನ ತುಟಿ ಕಾಣುತ್ತಿರಲಿಲ್ಲ ಎಂದು ನನಗೆ ಹೇಗೆ ಹೊಳೆಯಬೇಕು? ಸಿಟ್ಟು ಬಂದು ಕ್ಲಾಸಿನ ಗಂಟಲು ತೆಗೆದರೆ ಮಾತ್ರ ನೀವು ತಿರುಗಿ ಮಾತಿಗೆ ಮಾತು ಕೊಡುತ್ತಿದ್ದಿರಿ. ಈ ಮನುಷ್ಯನಿಗೆ ಜಗಳವಾದರೆ ಬೇಕು, ನನ್ನ ಒಳ್ಳೆಯ ಮಾತು ಬೇಡ ಎಂದು ತೀರ್ಮಾನಿಸಿದೆ. ಮೆಲ್ಲಗೆ ಮಾತಾಡುವುದನ್ನೇ ಬಿಟ್ಟೆ.

ಆದರೂ ಕಣ್ಣಾರೆ ನೋಡದೆ ನಂಬುವವಳಲ್ಲ ನಾನು. ಶುಕ್ರವಾರ ರಜೆ ಹಾಕಿ ನಿಮ್ಮ ಕೋರ್ಟಿಗೆ ಬಂದಿದ್ದೆ. ಹಿಂದಿನ ಬೆಂಚಿನಲ್ಲಿ ಯಾವುದೋ ಜಮೀನಿನ ಕೇಸಿನ ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದೆ. ಜಡ್ಜರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಸ್ಟೆನೋ ಎಂದರೆ ಪುಸ್ತಕದ ಮೇಲೆ ಕಣ್ಣಿಟ್ಟಿರುತ್ತಾನೆ ಎಂದುಕೊಂಡಿದ್ದೆ. ನೀವು ಪುಸ್ತಕ ನೋಡಲೇ ಇಲ್ಲ. ಕೈ ತನ್ನ ಪಾಡಿಗೆ ಓಡುತ್ತಿತ್ತು, ಕಣ್ಣು ಜಡ್ಜರ ಬಾಯಿಯ ಮೇಲೆ ನೆಟ್ಟಿತ್ತು. ಈ ಹೊಸ ಜಡ್ಜರಿಗೆ ತುಟಿ ಮುಚ್ಚುವ ಮೀಸೆ, ಸಾಲದೆಂದು ಗಲ್ಲಕ್ಕೆ ಕೈ ಕೊಟ್ಟು ಮಾತಾಡುವ ಅಭ್ಯಾಸ. ಅವರು ಕೈ ಅಡ್ಡ ತಂದಾಗಲೆಲ್ಲ ನಿಮ್ಮ ಪೆನ್ಸಿಲು ನಿಲ್ಲುತ್ತಿತ್ತು. "ಸ್ವಾಮಿ, ಇನ್ನೊಂದ್ಸಲ" ಎಂದು ನೀವು ಕೇಳಿದಾಗ ಒಬ್ಬ ವಕೀಲರು ಪಕ್ಕದವರನ್ನು ನೋಡಿ ನಕ್ಕರು. ಅವರನ್ನು ಹೊರಗೆ ಕರೆದು ಎರಡು ಮಾತು ಕೇಳೋಣವೆನ್ನಿಸಿತು. ನಿಮ್ಮ ಕತ್ತಿನ ಹಿಂದೆ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನೀವು ಏಳುವ ಮೊದಲೇ ಎದ್ದು ಬಂದೆ.

ಸುಂಕ ಬಿಡಿಸಿಕೊಳ್ಳುವ ದಾರಿ ಕಾನೂನಿನ ನಡುವೆ ಕೂತಿರುವ ನಿಮಗೆ ಗೊತ್ತಿಲ್ಲದ್ದೇನಲ್ಲ. ಡಾಕ್ಟರು 'ಕಿವಿ ಕೇಳದು' ಎಂದು ನಿಮ್ಮ ಹೆಸರಿಗೆ ಬರೆದುಕೊಟ್ಟರೆ ಆ ಕಾಗದ ಎಲ್ಲೆಲ್ಲಿ ಓಡಾಡುತ್ತದೋ ಎಂಬ ಹೆದರಿಕೆ ನಿಮಗೆ. ಕೆಲಸ ಹೋಗುತ್ತದೆಂದು ನನ್ನ ಹೆಸರು, ನಮ್ಮ ಮನೆಯ ವಿಳಾಸ ಕೊಟ್ಟಿರಿ, ಸರಿಯೇ? ಪರದೇಶಕ್ಕೆ ಹಣ ಕಳಿಸುವಾಗ 'ಯಾರಿಗೆ ಸ್ವಾಮಿ?' ಎಂದು ಬ್ಯಾಂಕಿನಲ್ಲಿ ಯಾರೋ ಕೇಳಿರಬೇಕು, 'ನನ್ನ ಹೆಂಡತಿಗೆ' ಎಂದು ನಿಮ್ಮ ಬಾಯಿಗೆ ಬಂದಿರಬೇಕು. ಎರಡು ದಿನ ತಿಮ್ಮಮ್ಮನ ಕೈಗೆ ಸಿಕ್ಕ ಮೇಲೆ ಆ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ನನ್ನಿಂದಲೂ ಮುಚ್ಚಿಟ್ಟಿರಲ್ಲ, ಆ ಸಿಟ್ಟು ಹಾಗೇ ಇದೆ. ಒಂದೇ ಮನೆಯಲ್ಲಿದ್ದು, ಒಂದೇ ತಟ್ಟೆಯಲ್ಲಿ ಉಂಡ ದಿನಗಳೂ ಇದ್ದವು. ಅಂಥವಳಿಗೆ ಹೇಳಿದ್ದರೆ ಏನು ಹೋಗುತ್ತಿತ್ತು?

ಬೀದಿಯವರನ್ನು ನಾನು ತಿದ್ದಿಲ್ಲ. ನನಗಲ್ಲ ಎಂದರೆ, ಮತ್ತೆ ಯಾರಿಗೆ ಎಂದು ತಿಮ್ಮಮ್ಮ ಹುಡುಕಿಕೊಂಡು ಹೊರಡುತ್ತಾರೆ. ಕೂಗಲಿ, ನನಗೇನು. ಅವ್ವನಿಗೂ ಅಣ್ಣನಿಗೂ ಬಾಯಿ ಬಿಡಬಾರದೆಂದು ಹೇಳಿದ್ದೇನೆ. ಡಬ್ಬಿಯನ್ನು ಈ ಕಾಗದದ ಜೊತೆ ಅಣ್ಣನೇ ತಂದು ನಿಮ್ಮ ಮನೆಯಲ್ಲಿ, ನಿಮ್ಮ ಕೈಗೇ ಕೊಡುತ್ತಾನೆ. ಕೋರ್ಟಿನ ಕಡೆ ಸುಳಿಯುವುದಿಲ್ಲ. ಸುಂಕದ ಹಣ ಅವನ ಕೈಗೆ ಕೊಟ್ಟು ಕಳಿಸೀರಿ ಮತ್ತೆ, ನನಗೆ ಬೇಡ.

ಹಾಕಿಕೊಂಡರೆ ಮೊದಲು ಏನು ಕೇಳಿಸುತ್ತದೆ? ಗಡಿಯಾರವೇ, ಕಾಗೆಯೇ, ಪಕ್ಕದ ಮನೆಯ ಕುಕ್ಕರೇ? ನಿಮ್ಮ ದನಿಯೇ ನಿಮಗೆ ಹೇಗಿರುತ್ತದೆ? ಇದನ್ನೆಲ್ಲ ಯಾರನ್ನು ಕೇಳಲಿ? ಬರೆದು ತಿಳಿಸಿ. ಇಲ್ಲವೇ ಬಂದು ಹೇಳಿ. ಬಂದರೆ ಹಾಲಿನ ಬೂತಿನ ಹತ್ತಿರ ನಿಲ್ಲಬೇಡಿ, ಒಳಗೆ ಬನ್ನಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಮಂಜು

ತಾ.ಕ.: ನಾನು ಮನೆ ಬಿಟ್ಟ ದಿನ ನೀವು ಅಂಗಳದಲ್ಲಿ ಬೀದಿಯ ಕಡೆ ಮುಖ ಮಾಡಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಿರಿ. ಬ್ಯಾಗು ಹಿಡಿದು ನಿಮ್ಮ ಬೆನ್ನ ಹಿಂದೆ ಬಂದು ನಿಂತು, "ಬೇಡ ಅನ್ನಿ, ಇದ್ಬುಡ್ತೀನಿ" ಎಂದಿದ್ದೆ. ಆವತ್ತು ಕೂಗಿರಲಿಲ್ಲ, ಮೆಲ್ಲಗೆ ಹೇಳಿದ್ದೆ. ನೀವು ಪಂಪು ಒತ್ತುತ್ತಲೇ ಇದ್ದಿರಿ. ಎರಡನೆಯ ಸಲ ಹೇಳಲು ಬಿಂಕ ಬಿಡಲಿಲ್ಲ, ಗೇಟು ದಾಟಿ ಬಂದುಬಿಟ್ಟೆ. ಎರಡನೆಯ ಸಲ ಈಗ ಹೇಳಿದ್ದೇನೆ.