ಆಂಬ್ರೋಸನ ಹೆಸರಿನ ಚಕ್ಕೆ

ಹೆರಾನ್ ನ್ಯಾರೋಸ್ ಕ್ಯಾಂಪು,
ವಾಯವ್ಯ ಒಂಟಾರಿಯೊ
19 ಅಕ್ಟೋಬರ್ 1994

ಪ್ರೀತಿಯ ಭಾವ ಆಂಬ್ರೋಸನಿಗೆ,

ನಿನ್ನ ತಂಗಿ ವರ್ನಾಳ ಗಂಡ ಲಾಯ್ಡ್ ಮಾಡುವ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಪಟ್ಟಣದಲ್ಲಿ ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನೀನು ಕ್ಯಾಂಪು ಬಿಟ್ಟು ಐದು ತಿಂಗಳಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಬೇಸಿಗೆಯಲ್ಲಿ ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ಗೈಡುಗಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಅಂತ ನೆಪ ಹೇಳಬಹುದಿತ್ತು, ಆದರೆ ಅದನ್ನು ನನಗೆ ಹೇಳಿಕೊಟ್ಟವನೇ ನೀನು. ಬೈಯುವುದಿದ್ದರೆ ಬೈದುಕೋ. ಬೈದಾದ ಮೇಲೆ ಪೂರ್ತಿ ಓದು. ಬರುವ ಮೇ ತಿಂಗಳಲ್ಲಿ ನೀನು ವಾಪಸ್ಸು ಬರಬೇಕು, ಅದಕ್ಕೇ ಈ ಪತ್ರ.

ವರ್ನಾಳ ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಈ ಸಲ ಸರೋವರದಂಚಿನ ಕಾಡಕ್ಕಿ ಕಡಿಮೆ, ನೀರು ಏರಿ ಅರ್ಧ ಬೆಳೆ ಮುಳುಗಿಹೋಯಿತು. ಬಿಳಿಮೀನು ಬಲೆಗೆ ಚೆನ್ನಾಗಿ ಬಿದ್ದಿದೆ. ಹೊಗೆ ಹಾಕಿ ಇಟ್ಟಿದ್ದಾಳೆ, ನಿನ್ನ ಪಾಲು ಬೇರೆ ಕಟ್ಟಿಟ್ಟಿದ್ದಾಳೆ. ಹೋದ ವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಿನಗೂ ಒಂದು ತಟ್ಟೆ ಹಾಕಿದ್ದಳು. "ಬರ್ತಾನೆ, ನೋಡ್ತಿರಿ. ನನ್ನ ಕುಂಬಳಕಾಯಿ ಪೈ ವಾಸನೆ ಅವನಿರೋ ಟೈರ್ ಅಂಗಡೀವರೆಗೂ ಹೋಗುತ್ತೆ" ಅಂದಳು. ಕತ್ತಲಾದ ಮೇಲೆ ಆ ತಟ್ಟೆ ಎತ್ತಿ ಒಳಗಿಟ್ಟಳು. "ನಮ್ಮಣ್ಣನಿಗೆ ಮೂಗಿನ ತುದೀಲೇ ಕೋಪ. ತಾನೇ ತಪ್ಪು ಮಾಡಿ, ಕ್ಯಾಂಪಿನ ಯಜಮಾನಿ ಡಾರ್ಲೀನ್ ಒಂದು ಮಾತಂದಳು ಅಂತ ನಲವತ್ತು ವರ್ಷದ ಕೆಲಸ ಬಿಟ್ಟು ಹೋಗಿ, ಅಲ್ಲಿ ಟೈರಿಗೆ ಗಾಳಿ ತುಂಬ್ತಾ ಕೂತಿದಾನೆ. ತಂಗಿ ಏನು ಮಾಡಿದ್ಲಂತೆ, ತಂಗಿ ಮನೆಗೂ ಬರಬಾರದಾ?" ಅಂದಳು. ನಾನು ಪೈ ತಿನ್ನುತ್ತಿದ್ದೆ. ತಿನ್ನುತ್ತಲೇ ಹೂಂ ಅಂದೆ.

ಇಲ್ಲಿ ನಿನ್ನೆ ಹೆಬ್ಬೆರಳಿನಷ್ಟು ಹಿಮ ಬಿತ್ತು. ದೋಣಿಕಟ್ಟೆಯ ಒಳಬದಿಯಲ್ಲಿ ಬೆಳಿಗ್ಗೆ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಕೊನೆಯ ಗಿರಾಕಿಗಳು ಭಾನುವಾರ ಹೋದರು. ಇವತ್ತು ದೋಣಿಗಳ ಮೋಟರುಗಳನ್ನು ಚಳಿಗಾಲಕ್ಕೆ ಎತ್ತಿಡುವ ಕೆಲಸ ಹಿಡಿದೆವು. ಹದಿನಾಲ್ಕು ಮೋಟರು, ನಾವು ಮೂರೇ ಜನ. ಪೆಟ್ರೋಲು ಕೆಡದಂತೆ ಹಾಕುವ ಔಷಧಿಯನ್ನು ಈ ಸಲ ಡಾರ್ಲೀನ್ ತಾನೇ ಅಳೆದು ಹಾಕಿದಳು, ನಮ್ಮ ಅಂದಾಜಿನ ಮೇಲೆ ಅವಳಿಗೆ ನಂಬಿಕೆ ಹೋಗಿದೆ. ಒಂದೊಂದನ್ನೇ ನೀರು ತುಂಬಿದ ಪೀಪಾಯಿಗೆ ಇಳಿಸಿ ಓಡಿಸುವುದು, ಪೆಟ್ರೋಲಿನ ಕೊಳವೆ ಕಿತ್ತು, ಕಾರ್ಬುರೇಟರಿಗೆ ಎಣ್ಣೆ ಊದಿ, ಬಿಳಿ ಹೊಗೆ ಬಂದು ತಾನಾಗಿ ನಿಲ್ಲುವವರೆಗೆ ಕಾಯುವುದು. ಶೆಡ್ಡಿನಲ್ಲಿ ಉಸಿರಾಡುವ ಹಾಗಿರಲಿಲ್ಲ. "ಇಲಿಗಳಿಗೆ ನುಸಿಗುಳಿಗೆ ಯಾಕೆ ತಂದೆ, ಇವರ ಹೊಗೆಗೇ ಸಾಯ್ತವೆ" ಅಂತ ಡಾರ್ಲೀನ್ ಬಾಗಿಲಲ್ಲಿ ನಿಂತು ಕೆಮ್ಮಿದಳು.

ಆರನೇ ನಂಬರಿನ ಮೋಟರು, ಅಂದರೆ ನಿನ್ನದು, ನನ್ನ ಪಾಲಿಗೆ ಬಂತು. ಬಂತು ಅನ್ನುವುದು ಸುಳ್ಳು, ನಾನೇ ಕೇಳಿ ತೆಗೆದುಕೊಂಡೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿದೆ. ಅದರ ಹಿಂದೆ ಗಾಳದ ದಾರ ಮೊಳದುದ್ದ ಸುತ್ತಿಕೊಂಡು, ಬಿಸಿಗೆ ಕರಗಿ ಗಟ್ಟಿಯಾಗಿ ಕೂತಿತ್ತು. ಚಾಕು ಹಾಕಿ ಕಿತ್ತೆ. ಈ ದಾರವೇ ತಾನೆ ನೀರು ತಡೆಯುವ ಸೀಲನ್ನು ಕೊಯ್ಯುವುದು, ಅಲ್ಲಿಂದಲೇ ತಾನೆ ನೀರು ಗೇರು ಪೆಟ್ಟಿಗೆಗೆ ಇಳಿಯುವುದು. ಹೋದ ವರ್ಷ ಇದೇ ಮೋಟರಿನ ಪ್ರೊಪೆಲ್ಲರನ್ನು ಯಾರೂ ಬಿಚ್ಚಿ ನೋಡಿರಲಿಲ್ಲ.

ಹೋದ ವರ್ಷ ಮೋಟರು ಎತ್ತಿಡುವ ದಿನ ನಿನ್ನ ದವಡೆ ಊದಿ ಮುಖ ಒಂದು ಕಡೆ ಬ್ರೆಡ್ಡಿನ ಹಾಗೆ ಉಬ್ಬಿತ್ತು. ನೋವಿನಲ್ಲೂ ನೀನು ಸ್ಪ್ಯಾನರ್ ಹಿಡಿದುಕೊಂಡು ಬಂದಿದ್ದೆ. ಹೊರಡುವ ದೋಣಿಗೆ ನಿನ್ನನ್ನು ತಳ್ಳಿದವನು ನಾನು. "ಹೋಗು ಮಾರಾಯ, ಹಲ್ಲು ಕೀಳಿಸ್ಕೊಂಡು ಬಾ. ಇರೋದೇ ನಾಲ್ಕು ಹಲ್ಲು, ಅದ್ರಲ್ಲೂ ಒಂದಕ್ಕೆ ಇಷ್ಟು ಗಲಾಟೆ. ನಿನ್ನ ಮೋಟರ್ ನಾನು ನೋಡ್ಕೋತೀನಿ" ಅಂದಿದ್ದೆ. ನೀನು ಬಾಯಿ ತೆರೆಯಲಾರದೆ, "ಕೆಳಗಿನ ಎಣ್ಣೆ ಪೂರ್ತಿ ಇಳಿಸು" ಅಂತ ಕೈಯಲ್ಲೇ ತೋರಿಸಿ ಹೋದೆ.

ಆಮೇಲೆ ಏನು ಮಾಡಿದೆ ಅಂತ ಇಷ್ಟು ದಿನ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆ ದಿನ ಐದು ಮೋಟರು ಮುಗಿಸಿ ಬೆರಳು ಮರಗಟ್ಟಿದ್ದವು. ಅಡುಗೆಮನೆಯಿಂದ ಮೂಸ್ ಜಿಂಕೆ ಮಾಂಸದ ಸಾರಿನ ವಾಸನೆ ಬರುತ್ತಿತ್ತು, ಮುಗಿಸಿದವರೆಲ್ಲ ಊಟಕ್ಕೆ ಕೂತಾಗಿತ್ತು. ನಿನ್ನ ಮೋಟರಿನ ಕೆಳಗಿನ ಸ್ಕ್ರೂ ಬಿಚ್ಚಿದೆ. ನಾಲ್ಕು ಹನಿ ನೀರು ಬಿತ್ತು. ಹಿಂದೆಯೇ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಎಣ್ಣೆ. ಆ ಬಣ್ಣ ಬಂದರೆ ಎಣ್ಣೆಗೆ ನೀರು ಸೇರಿದೆ ಅಂತ ಗೊತ್ತಿಲ್ಲದ ಗೈಡ್ ಈ ಸರೋವರದಲ್ಲೇ ಇಲ್ಲ. ಅದನ್ನು ಪೂರ್ತಿ ಇಳಿಸಬೇಕಿತ್ತು, ಸೀಲು ಬದಲಾಯಿಸಬೇಕಿತ್ತು, ಹೊಸ ಎಣ್ಣೆಯನ್ನು ಕೆಳಗಿನಿಂದ ಒತ್ತಿ ಮೇಲಿನ ತೂತಿನಲ್ಲಿ ಬರುವವರೆಗೆ ತುಂಬಬೇಕಿತ್ತು. ಒಂದು ಗಂಟೆಯ ಕೆಲಸ. ನಾನು ಸ್ಕ್ರೂ ತಿರುಗಿಸಿ ಹಾಕಿ, ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಹೋದೆ.

ಹೋಗುವ ಮೊದಲು ಚಕ್ಕೆ ಕಟ್ಟಿದೆ. ಡಾರ್ಲೀನಳ ಗಂಡ ಇದ್ದಾಗಿನಿಂದ ಬಂದ ಪದ್ಧತಿ, ಮೋಟರು ಎತ್ತಿಟ್ಟವನು ಸೀಡರ್ ಮರದ ಚಕ್ಕೆಯ ಮೇಲೆ ತನ್ನ ಹೆಸರು ಬರೆದು ಹಿಡಿಗೆ ಕಟ್ಟಬೇಕು. ಮೇ ತಿಂಗಳಲ್ಲಿ ಅವನೇ ಹಗ್ಗ ಎಳೆದು ಮೋಟರು ಚಾಲೂ ಮಾಡಬೇಕು, ಮೂರು ಎಳೆತದೊಳಗೆ ಹತ್ತಿದರೆ ಮೊದಲ ಪೈ ಅವನಿಗೆ, ಹತ್ತದಿದ್ದರೆ ವಾರವಿಡೀ ಎಲ್ಲರ ಪಾತ್ರೆ ತೊಳೆಯಬೇಕು. ನಾನು ಚಕ್ಕೆಯ ಮೇಲೆ 'ಆಂಬ್ರೋಸ್' ಅಂತ ಬರೆದೆ. ನಿನ್ನ ಮೋಟರು ತಾನೆ, ನಿನ್ನ ಹೆಸರು. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ದೇವರಾಣೆ.

ಜನವರಿಯಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಹೋಯಿತು. ಒಳಗಿದ್ದ ನೀರು ಸುಮ್ಮನಿರುತ್ತದೆಯೇ, ಗಡ್ಡೆಯಾಗಿ ಪೆಟ್ಟಿಗೆಯನ್ನೇ ಸೀಳಿತು. ಮೇ ತಿಂಗಳಲ್ಲಿ ನೀನು ಎರಡನೇ ಎಳೆತಕ್ಕೇ ಹತ್ತಿಸಿದೆ, ನಾವೆಲ್ಲ ಚಪ್ಪಾಳೆ ಹೊಡೆದೆವು. ಓಹಾಯೋದ ಆ ಅಪ್ಪ-ಮಗನನ್ನು ಕೂರಿಸಿಕೊಂಡು ಹೊರಟೆ. ದೊಡ್ಡ ದ್ವೀಪದ ಹತ್ತಿರ ಗೇರು ಅರೆದು ನಿಂತಿತು, ಎದುರುಗಾಳಿಯಲ್ಲಿ ಮೂರು ಗಂಟೆ ಹುಟ್ಟು ಹಾಕಿಕೊಂಡು ಬಂದೆ. ದೋಣಿಕಟ್ಟೆಯಲ್ಲಿ ಡಾರ್ಲೀನ್ ಮೋಟರು ಮೇಲೆತ್ತಿ, ಬೆರಳುದ್ದದ ಬಿರುಕು ನೋಡಿ, ಗಿರಾಕಿಗಳ ಎದುರಿಗೇ ಕೂಗಿದಳು. "ನೀರು ಇಳಿಸದೆ ಎತ್ತಿಟ್ಟಿದೀಯಲ್ಲ ಆಂಬ್ರೋಸ್! ನಲವತ್ತು ವರ್ಷ ಇಲ್ಲಿ ಏನು ಕಲಿತೆ ನೀನು? ಗಾಳಿ ಜೋರಾಗಿದ್ರೆ ಇವರ ಗತಿ ಏನು?" ನೀನು ಚಕ್ಕೆ ಬಿಚ್ಚಿ ಅವಳ ಕೈಗೆ ಕೊಟ್ಟು, "ನನ್ನ ಹೆಸರೇ ಇದೆ" ಅಂದೆ. ಅಷ್ಟೇ ಅಂದದ್ದು. ಮಾರನೇ ದಿನ ಅವಳು ನಿನ್ನನ್ನು ಸೌದೆ ಒಡೆಯಲು ಹಾಕಿ, ಅಪ್ಪ-ಮಗನನ್ನು ನನ್ನ ದೋಣಿಗೆ ಕೊಟ್ಟಳು. ಸಂಜೆ ನೀನು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದೆ.

ಆ ಅಪ್ಪ-ಮಗ ಆಗಸ್ಟಿನಲ್ಲಿ ಮತ್ತೆ ಬಂದಿದ್ದರು. "ಆಂಬ್ರೋಸ್ ಎಲ್ಲಿ? ಅವರು ಹುರಿದ ಮೀನು ತಿನ್ನೋಕೇ ಬಂದ್ವಿ" ಅಂದ ಮಗ. ನನ್ನದೂ ಚೆನ್ನಾಗಿದೆ ಅಂತ ಮರ್ಯಾದೆಗೆ ತಿಂದರು.

ಬೇಸಿಗೆಯಲ್ಲಿ ಬೇರೆ ಗೇರು ಪೆಟ್ಟಿಗೆ ಹಾಕಿಸಿದ್ದ ನಿನ್ನ ಮೋಟರಿಗೆ ಇವತ್ತು ಮಧ್ಯಾಹ್ನ ಹೊಸ ಎಣ್ಣೆ ತುಂಬಿ, ಮೇಲಿನ ಸ್ಕ್ರೂ ಮೊದಲು, ಕೆಳಗಿನದು ಆಮೇಲೆ, ಹೊಸ ವಾಷರ್ ಹಾಕಿ ಬಿಗಿದೆ. ಪ್ಲಗ್ ತೆಗೆದು ಚಮಚ ಎಣ್ಣೆ ಬಿಟ್ಟು ಹಗ್ಗ ನಿಧಾನಕ್ಕೆ ಎಳೆದೆ. ಒಳಗಿನ ನೀರೆಲ್ಲ ಇಳಿಯಲಿ ಅಂತ ನೆಟ್ಟಗೆ ನಿಲ್ಲಿಸಿದೆ. ಚಕ್ಕೆ ತೆಗೆದುಕೊಳ್ಳಲು ಗೋಡೆಯ ಮೊಳೆಗೆ ಕೈ ಹಾಕಿದರೆ ಅಲ್ಲಿ ಹೋದ ವರ್ಷದ ಚಕ್ಕೆಯೇ ತೂಗುತ್ತಿತ್ತು, ಡಾರ್ಲೀನ್ ಎಸೆದಿರಲಿಲ್ಲ. ನಿನ್ನ ಹೆಸರು, ನನ್ನ ಕೋಳಿಕಾಲಿನಂಥ ಅಕ್ಷರ. ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದೆ.

"ಡಾರ್ಲೀನ್, ಇದು ಯಾರ ಅಕ್ಷರ ನೋಡು" ಅಂದೆ.

ಕನ್ನಡಕ ಹಾಕಿಕೊಂಡು ನೋಡಿದಳು. "ನಿಂದು. ಅಂಗಡಿ ಚೀಟೀಲಿ ನೋಡಿ ನೋಡಿ ಕಣ್ಣು ಹೋಗಿದೆ. ಅದಕ್ಕೇನೀಗ?"

"ಆ ಮೋಟರ್ ಎತ್ತಿಟ್ಟೋನು ನಾನು. ಅವನು ಹಲ್ಲು ಕೀಳಿಸೋಕೆ ಹೋಗಿದ್ದ. ನೀರು ಬಂದಿದ್ದು ನೋಡಿದೆ, ನೋಡಿಯೂ ಮುಚ್ಚಿಟ್ಟೆ."

ಅವಳು ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದು ಕೂತಳು. "ಅಯ್ಯೋ ಪಾಪಿ, ಅವನನ್ನ ಎಲ್ಲರೆದುರು ನಾಯಿಗೆ ಅಂದಹಾಗೆ ಅಂದುಬಿಟ್ಟೆನಲ್ಲೋ" ಅಂದಳು. ಆಮೇಲೆ, "ಮೇ ತಿಂಗಳಲ್ಲಿ ನಿನ್ನ ಬಾಯಿಗೆ ಏನಾಗಿತ್ತು?" ಅಂತ ಕೇಳಿದಳು. ಐದು ಮೋಟರಿನ ನಡುವೆ ನಿನ್ನದು ಮಾಡಿದ್ದು ಮರೆತೇಹೋಗಿತ್ತು, ಇವತ್ತು ಚಕ್ಕೆ ನೋಡಿದ ಮೇಲೆ ನೆನಪಾಯಿತು ಅಂದೆ. ನನ್ನ ಮುಖ ನೋಡಿದಳು, ನಂಬಿದಳೋ ಇಲ್ಲವೋ ಗೊತ್ತಿಲ್ಲ.

"ಅವನಿಗೆ ನೀನೇ ಬರಿ. ಆರನೇ ದೋಣಿ ಅವನದ್ದೇ, ಯಾರಿಗೂ ಕೊಡಲ್ಲ ಅಂತ ಬರಿ. ಓಹಾಯೋದವರೂ ಅವನವರೇ. ನನ್ನ ಕ್ಷಮೆ ನಿನ್ನ ಕೈಲಿ ಬರೆಸಲ್ಲ. ಅವನು ಬಂದಾಗ ಅದೇ ದೋಣಿಕಟ್ಟೇಲಿ, ಎಲ್ಲರೆದುರು ನಾನೇ ಕೇಳ್ತೀನಿ" ಅಂದಳು. ನಾನು ಬಾಗಿಲು ದಾಟುವಾಗ, "ಪಾತ್ರೆ ತೊಳೆಯೋದು ವಾರವಲ್ಲ ನಿನಗೆ, ಇಡೀ ಬೇಸಿಗೆ" ಅಂತ ಹಿಂದಿನಿಂದ ಕೂಗಿದಳು.

ಆರನೇ ನಂಬರಿಗೆ ಹೊಸ ಚಕ್ಕೆ ಕಟ್ಟಿದ್ದೇನೆ. ಈ ಸಲ ಅದರ ಮೇಲೆ ಇರುವುದು ನನ್ನ ಹೆಸರು. ಹಗ್ಗ ಎಳೆಯುವುದು ಮಾತ್ರ ನೀನಾಗಬೇಕು. ಪದ್ಧತಿ ಮುರಿದ ಹಾಗಾಗುತ್ತದೆ, ಮುರಿಯಲಿ ಬಿಡು. ಹತ್ತಿದರೆ ಪೈ ನಿನಗೆ, ಹತ್ತದಿದ್ದರೆ ಬೈಗುಳ ನನಗೆ.

ಚಳಿ ನಿನ್ನನ್ನು ಹೆಚ್ಚು ಕಾಡದಿರಲಿ. ನಮ್ಮ ಅಜ್ಜಂದಿರು ನಿನ್ನನ್ನು ಕಾಯಲಿ, ಉಳಿದ ಮೂರು ಹಲ್ಲುಗಳನ್ನೂ ಸೇರಿಸಿ. ಬರುತ್ತೇನೆ ಅಂತ ಒಂದೇ ಸಾಲು ಬರೆದರೂ ಸಾಕು, ಬರುವುದಿಲ್ಲ ಅಂತಲಾದರೂ ಬರಿ.

ಇಂತಿ ನಿನ್ನ,
ಲಾಯ್ಡ್

ತಾ.ಕ.: ನಾನು ಮರೆತಿರಲಿಲ್ಲ, ಭಾವ. ಡಾರ್ಲೀನಳಿಗೆ ಹೇಳಿದ್ದು ಸುಳ್ಳು. ದೋಣಿಕಟ್ಟೆಯಲ್ಲಿ ಅವಳು ಆ ಬಿರುಕಿನ ಮೇಲೆ ಬೆರಳಿಟ್ಟ ಕ್ಷಣವೇ ನನಗೆ ಗೊತ್ತಾಯಿತು. ಚಕ್ಕೆ ಕೊಡುವ ಮೊದಲು ನೀನು ಅದರ ಮೇಲಿನ ಅಕ್ಷರ ನೋಡಿದೆ, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದೆ. ಇವನು ಹೇಳುತ್ತಾನೆ ಅಂತ ಕಾದೆ. ನಾನು ಕಾಫಿ ಲೋಟ ಬಾಯಿಗಿಟ್ಟುಕೊಂಡೆ. ಲೋಟದಲ್ಲಿ ಕಾಫಿ ಇರಲಿಲ್ಲ. ಸೌದೆ ಒಡೆದ ದಿನವೂ ನೀನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಐದು ತಿಂಗಳು ನಿನ್ನ ತಂಗಿ ನಿನ್ನನ್ನೇ ಬೈದಳು, ನಾನು ಹೂಂ ಹೂಂ ಅಂದೆ. ಅವಳಿಗೆ ಎದುರು ಕೂತು ಹೇಳುವ ಧೈರ್ಯ ನನಗೆ ಇವತ್ತೂ ಬಂದಿಲ್ಲ. ಅದಕ್ಕೇ ಈ ಪತ್ರವನ್ನು ಅಂಟಿಸದೆ, ಅಂಚೆಗೆ ಹಾಕು ಅಂತ ಅವಳ ಕೈಗೇ ಕೊಡುತ್ತಿದ್ದೇನೆ. ಅಂಟಿಸದ ಪತ್ರವನ್ನು ಅವಳು ಓದದೆ ಬಿಡುವವಳಲ್ಲ, ನಿನಗೆ ಗೊತ್ತಲ್ಲ. ಇದು ನಿನ್ನ ಕೈ ಸೇರಿದೆ ಅಂದರೆ ಅವಳಿಗೂ ತಿಳಿದಿದೆ ಅಂತ ಅರ್ಥ.